ಮೂರರಿಂದ ಭಾಗಿಸಿದ ಹಾವುಗಳು

ನಾನು ಆರು ಅಡಿಯ ಹಾವು ಕಂಡೆ ಎಂದರೆ ಅವರು ಎರಡು ಅಡಿ ಎಂದು ಬರೆದುಕೊಳ್ಳುತ್ತಿದ್ದರು. ವಾದ ಇಲ್ಲ, ಅನುಮಾನದ ನೋಟ ಇಲ್ಲ, ಪೆನ್ಸಿಲ್ ಕೂಡ ತಡವರಿಸುತ್ತಿರಲಿಲ್ಲ. "ಆರು ಭಾಗ ಮೂರು, ಎರಡು. ಮುಂದೆ ಹೇಳು ಪುತಾ." ನನ್ನ ಹೆತ್ತಮ್ಮ ಇಪ್ಪತ್ತೆರಡು ವರ್ಷ ನನ್ನ ಜೊತೆ ಬದುಕಿಯೂ ಕಂಡುಹಿಡಿಯಲಾಗದ ಸೂತ್ರವನ್ನು ಈ ಮನುಷ್ಯ ಎರಡೇ ವಾರದಲ್ಲಿ ಕಂಡುಹಿಡಿದಿದ್ದರು.

ಕಳೆದ ತಿಂಗಳು ಅವರು ಉಡುಪಿ ಹತ್ತಿರದ ತಮ್ಮ ಮನೆಯಲ್ಲಿ ತೀರಿಕೊಂಡರಂತೆ. ರಜೆಗೆ ಊರಿಗೆ ಹೋಗಿ ಬಂದ ಹಳೇ ಜೊತೆಗಾರ ಶೀನಣ್ಣ ಆ ಸುದ್ದಿಯ ಜೊತೆಗೆ ಒಂದು ಪೊಟ್ಟಣವನ್ನೂ ತಂದು ಮಸ್ಕತ್ ಹತ್ತಿರದ ಅಲ್ ಅಮೇರಾತ್‌ನ ನನ್ನ ಕೋಣೆಯಲ್ಲಿ ಇಟ್ಟು ಹೋದ. ಪೊಟ್ಟಣ ಬಿಚ್ಚಿದ ಮೇಲೆ ಎರಡು ದಿನ ನಾನು ಯಾರ ಹತ್ತಿರವೂ ಜೋಕು ಹೊಡೆಯಲಿಲ್ಲ. ರೂಮ್‌ಮೇಟ್ ನನಗೆ ಜ್ವರವೆಂದು ಗಂಜಿ ಮಾಡಿಕೊಟ್ಟ.

ಎಂಬತ್ತರ ದಶಕದ ಕೊನೆಯ ಮಾತು. ಸೂರ್ ಕಡೆಗೆ ಹೋಗುವ ರಸ್ತೆಗೆ ಜಲ್ಲಿ ಒಡೆಯುವ ಒಂದು ಕ್ಯಾಂಪು. ಸುತ್ತ ಬೋಳು ಗುಡ್ಡ, ನಡುವೆ ಒಣಗಿದ ವಾದಿ, ಅಂದರೆ ಮಳೆ ಬಂದರೆ ಮಾತ್ರ ಹರಿಯುವ ತೊರೆ, ಅದರ ದಡದಲ್ಲಿ ಹದಿನಾಲ್ಕು ತಗಡಿನ ಕ್ಯಾಬಿನ್. ನಾನು ಹಾಜರಿ ಬರೆಯುವ ಟೈಮ್‌ಕೀಪರ್, ಅವರು ಸ್ಟೋರ್‌ಕೀಪರ್. ಅವರು ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ನರು, ನನ್ನನ್ನು ಕರೆಯುತ್ತಿದ್ದದ್ದು ಪುತಾ, ಅಂದರೆ ಮಗನೇ ಎಂದು. ಒಮಾನಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಪೂರ್ವ ಆಫ್ರಿಕಾದ ಕತ್ತಾಳೆ ತೋಟವೊಂದರಲ್ಲಿ ಗುಮಾಸ್ತರಾಗಿದ್ದವರು. ಆ ಕಾಲದ ಖಾಕಿ ಚಡ್ಡಿ ಮತ್ತು ಮೊಣಕಾಲಿನವರೆಗಿನ ಕಾಲುಚೀಲವನ್ನು ಐವತ್ತು ಡಿಗ್ರಿ ಬಿಸಿಲಿನಲ್ಲೂ ಬಿಟ್ಟವರಲ್ಲ. ನೀರಿನ ಟ್ಯಾಂಕರ್ ಓಡಿಸುವ ಸಲೀಂ ಜಾಂಜಿಬಾರಿನಲ್ಲಿ ಹುಟ್ಟಿದ ಒಮಾನಿ. ಮೊದಲ ದಿನವೇ ಇಬ್ಬರಿಗೂ ಸ್ವಾಹಿಲಿ ಬರುತ್ತದೆಂದು ಗೊತ್ತಾಗಿ ಅಪ್ಪಿಕೊಂಡು, ಅಂದಿನಿಂದ ದಿನಾ ಸಂಜೆ ಚಹಾಕ್ಕೆ ಜೊತೆಯಾದರು. ಅವನು ಇವರನ್ನು "ಬ್ವಾನಾ" ಎಂದು ಕರೆಯುತ್ತಿದ್ದ, ಅಂದರೆ ಯಜಮಾನ್ರೇ ಅಂತ. ಆಮೇಲೆ ಇಡೀ ಕ್ಯಾಂಪಿಗೆ ಅವರು ಬ್ವಾನಾ ಆದರು.

ಕ್ಯಾಂಪಿನಲ್ಲಿ ಹಾವು ಕಂಡರೆ ಮೊದಲು ಓಡುತ್ತಿದ್ದವನು ನಾನು, ಮೊದಲು ಬರುತ್ತಿದ್ದವರು ಬ್ವಾನಾ. ಅವರು ಯಾರಿಗೂ "ಯಾವ ಹಾವು?" ಎಂದು ಕೇಳುತ್ತಿರಲಿಲ್ಲ. "ಹೆಸರು ಕೊನೆಗೆ. ಮೊದಲು ಕಂಡದ್ದು ಹೇಳು" ಅನ್ನುತ್ತಿದ್ದರು. ಹೇಗೆ ಹೋಯಿತು ಎಂದು ಕೇಳುವಾಗ ಮುಂಗೈಯನ್ನೇ ಹಾವು ಮಾಡಿ ಮೇಜಿನ ಮೇಲೆ ಓಡಿಸಿ ತೋರಿಸುತ್ತಿದ್ದರು: ನೇರವಾ, ಅಲೆಯ ಹಾಗೆಯಾ, ಓರೆಯಾ? ತಲೆಗೂ ಮೈಗೂ ನಡುವೆ ಕುತ್ತಿಗೆ ಉಂಟಾ? ಶಬ್ದ ಬಾಯಿಂದ ಬಂತಾ, ಮೈಯಿಂದ ಬಂತಾ? ಇದ್ದದ್ದು ಮರಳಲ್ಲಾ, ಕಲ್ಲಲ್ಲಾ? ಎಲ್ಲ ಕೇಳಿ ಒಂದು ನಿಮಿಷ ಕಣ್ಣು ಮುಚ್ಚಿ, ಆಮೇಲೆ ಹೆಸರು. ಹೆಚ್ಚಿನ ಸಲ ಅದು ವಿಷವಿಲ್ಲದ ಬಡಪಾಯಿ. "ಹೋಗ್ಲಿ ಬಿಡಿ, ಅದಕ್ಕೂ ಕೆಲಸ ಉಂಟು" ಎಂದು ಎಲ್ಲರನ್ನೂ ಚದುರಿಸುತ್ತಿದ್ದರು.

ಇದನ್ನೆಲ್ಲ ಒಂದು ಉದ್ದನೆಯ ಹಳೇ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ನಾನು ಬಂದ ಮೇಲೆ ಅದರಲ್ಲಿ ಉದ್ದಕ್ಕೆ ಎರಡು ಕಾಲಂ ಬಂತು: "ಹೇಳಿದ್ದು", "ಇದ್ದದ್ದು". ಮೊದಲನೆಯದು ನನಗಾಗಿಯೇ ಗೆರೆ ಎಳೆದದ್ದು.

ದಕ್ಷಿಣದ ಸಲಾಲಾ ಕಡೆಯ ಗುಡ್ಡಗಳಲ್ಲಿ ಪಫ್ ಆಡರ್ ಎಂಬ ವಿಷದ ಹಾವು ಉಂಟೆಂದು ಯಾರೋ ಹೇಳಿದಾಗ ಅವರ ಮುಖ ನೆಂಟರ ಸುದ್ದಿ ಕೇಳಿದ ಹಾಗೆ ಅರಳಿತ್ತು. ಆಫ್ರಿಕಾದ ಪೊದೆಗಳಲ್ಲಿ ಅವರು ಬಹಳ ಕಂಡದ್ದು ಅದನ್ನೇ. ದಾರಿಗೆ ಅಡ್ಡ ಬಿದ್ದ ಕೊರಡಿನ ಹಾಗೆ ಮಲಗಿರುತ್ತದಂತೆ, ಕಾಲು ಹತ್ತಿರ ಬಂದರೂ ಕದಲುವುದಿಲ್ಲವಂತೆ, ಸೈಕಲ್ ಪಂಪಿನ ಹಾಗೆ ಉಸಿರು ಬಿಡುತ್ತದಂತೆ. "ನಾನು ಇಲ್ಲಿಗೆ ಬರ್ಲಿಕ್ಕೆ ಎರಡು ವರ್ಷ ಪೇಪರ್ ಹಿಡ್ಕೊಂಡು ಸುತ್ತಿದೆ. ಅದು ನೋಡು, ವೀಸಾ ಇಲ್ಲ, ಕೆಲಸ ಕೊಟ್ಟು ಕರೆಸುವ ಕಫೀಲ್ ಇಲ್ಲ, ನನಗಿಂತ ಮೊದಲೇ ಬಂದು ಕೂತಿದೆ!"

ನನ್ನ ಪ್ರತಾಪಗಳನ್ನು ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಒಮ್ಮೆ ಪಂಪಿನ ಶೆಡ್ಡಿನಿಂದ ನಾನು ಚಪ್ಪಲಿ ಬಿಟ್ಟು ಓಡಿ ಬಂದೆ.

"ಬ್ವಾನಾ, ಹಾವು! ಅದಕ್ಕೆ ಕೈ ಉಂಟು!"

ಅಡುಗೆಯ ಶೀನಣ್ಣ ಸೌಟು ಹಿಡಿದೇ ಬಂದ. "ಎಂತದಾ ಮಾರಾಯ, ಕೈಯಾ? ಶೇಕ್‌ಹ್ಯಾಂಡ್ ಕೊಟ್ಟಿತಾ?"

ಎಲ್ಲರೂ ನಕ್ಕರು, ಬ್ವಾನಾ ನಗಲಿಲ್ಲ. ಪೆನ್ಸಿಲ್ ತೆಗೆದು ಗಂಭೀರವಾಗಿ ಕೇಳಿದರು. "ಎಷ್ಟು ಕೈ?"

"ಎರಡು. ಬಾಯಿಯ ಹತ್ತಿರ."

"ಬೆರಳು?"

"ಐದೈದು. ಆಡ್ತಾ ಇತ್ತು."

"ಹಾಗಾದ್ರೆ ಅದು ಊಟ ಮಾಡ್ತಾ ಇತ್ತು. ಹಲ್ಲಿಯನ್ನೂ ಸೇರಿಸಿ ಎಣಿಸಿದ್ದಿ ನೀನು." ಶೆಡ್ಡಿಗೆ ಹೋಗಿ ನೋಡಿದರೆ ಹಾಗೆಯೇ. ಹಲ್ಲಿಯ ಮುಂಗಾಲು ಇನ್ನೂ ಹೊರಗಿತ್ತು. ದಾರಿಯಲ್ಲಿ ಬರುವಾಗ ಹೆಗಲ ಮೇಲೆ ಕೈ ಇಟ್ಟು ಹೇಳಿದರು, "ಕೈ ಕಂಡದ್ದನ್ನು ಕೈ ಅಂತ್ಲೇ ಹೇಳಿದಿ. ಅದು ಒಳ್ಳೇದು. ಉದ್ದ ಮಾತ್ರ ನಿನ್ನ ಕೈಲಿ ನಿಲ್ಲುದಿಲ್ಲ."

ಇನ್ನೊಂದು ದೊಡ್ಡದು. ಒಂದು ಮಧ್ಯಾಹ್ನ ಮುಳ್ಳುಮರದ ಕೆಳಗೆ ಕೂತಿದ್ದಾಗ ನನ್ನ ಅಂಗೈಗೆ ಏನೋ ಚುಚ್ಚಿತು, ಪಕ್ಕದಲ್ಲಿ ಏನೋ ಸರಿದ ಹಾಗಾಯಿತು. ನಾನು ಸತ್ತೆ ಎಂದು ನನಗೆ ಖಾತ್ರಿಯಾಯಿತು. ಅಂದು ಬ್ವಾನಾ ಜಲ್ಲಿಯ ಲಾರಿಯಲ್ಲಿ ಸೂರ್‌ಗೆ ಸಾಮಾನು ತರಲು ಹೋಗಿದ್ದರು. ಶೀನಣ್ಣನ ಸಾಮಾನಿನ ಪಿಕಪ್ಪಿನಲ್ಲಿ ಆಸ್ಪತ್ರೆಗೆ ಒಂದೂವರೆ ಗಂಟೆಯ ದಾರಿ. ದಾರಿಯುದ್ದಕ್ಕೂ ನಾನು ವಿಲ್ ಹೇಳಿದೆ. ಅಮ್ಮನಿಗೆ ಹೇಳಬೇಕಾದ ಮಾತು, ತಂಗಿಗೆ ನನ್ನ ವಾಚು, ಶೀನಣ್ಣನಿಗೆ ನನ್ನ ಹೊಚ್ಚಹೊಸ ಟೇಪ್ ರೆಕಾರ್ಡರ್. ಡಾಕ್ಟರು ಭೂತಗನ್ನಡಿ ಹಿಡಿದು, ಚಿಮಟಿಗೆಯಿಂದ ಅರ್ಧ ಇಂಚಿನ ಮುಳ್ಳನ್ನು ಎಳೆದು ತೆಗೆದು ನನ್ನ ಇನ್ನೊಂದು ಅಂಗೈಯಲ್ಲಿ ಇಟ್ಟರು. ಟೇಪ್ ರೆಕಾರ್ಡರನ್ನು ಶೀನಣ್ಣ ಇವತ್ತಿನವರೆಗೂ ವಾಪಸ್ ಕೊಟ್ಟಿಲ್ಲ. "ಸಾಯುವವನು ಕೊಟ್ಟದ್ದು, ವಾಪಸ್ ಕೊಡ್ಲಿಕ್ಕಿಲ್ಲ" ಅನ್ನುತ್ತಾನೆ.

ಕ್ಯಾಂಪಿಗೆ ಇದ್ದದ್ದು ಅದೊಂದೇ ಬಿಡುವಿನ ಗಾಡಿ. ಅದು ಮುಳ್ಳಿಗಾಗಿ ಇಡೀ ದಿನ ಹೋದದ್ದು ಕೇಳಿ ಇಂಜಿನಿಯರ್ ಸಾಹೇಬರು ಕೆಂಡವಾದರು. ಇನ್ನು ಮೇಲೆ ಹಾವಿನ ವಿಷಯಕ್ಕೆ ಗಾಡಿ ಬೇಕಾದರೆ ಬ್ವಾನಾ ಕಣ್ಣಾರೆ ನೋಡಿ, ಚೀಟಿ ಬರೆದು ಸಹಿ ಹಾಕಬೇಕು, ಇಲ್ಲವಾದರೆ ಕೀ ಇಲ್ಲ ಎಂದು ಕಟ್ಟಪ್ಪಣೆ. ಒಬ್ಬ ಸ್ಟೋರ್‌ಕೀಪರಿನ ಸಹಿ ಇಲ್ಲದೆ ಹಾವು ಕಚ್ಚಿದ್ದು ಊರ್ಜಿತವಾಗದ ಕ್ಯಾಂಪು ಪ್ರಪಂಚದಲ್ಲಿ ನಮ್ಮದೊಂದೇ ಇರಬೇಕು. ಅದಕ್ಕೆ ಕಾರಣನಾದ ಹೆಮ್ಮೆ ನನ್ನದು.

ಆದರೆ ಆ ಕಣ್ಣಾರೆಯಲ್ಲೇ ಒಂದು ಗುಟ್ಟಿತ್ತು. ಅದು ನನಗೆ ಗೊತ್ತಾದದ್ದು ನನ್ನದೇ ಇನ್ನೊಂದು ಕಿತಾಪತಿಯಿಂದ.

ಬ್ವಾನಾರನ್ನು ಒಮ್ಮೆಯಾದರೂ ಹೆದರಿಸಬೇಕೆಂದು ನನಗೆ ಬಹಳ ಆಸೆ. ಕ್ರಷರಿನ ಹರಿದ ಬೆಲ್ಟಿನ ತುಂಡೊಂದನ್ನು ಸ್ಟೋರಿನ ಬಾಗಿಲಲ್ಲಿ ಸುತ್ತಿ ಇಟ್ಟು, ತುದಿಗೆ ಎರಡು ಒಣಮೆಣಸು ಸಿಕ್ಕಿಸಿ ಇಲ್ಲಿಯ ಮರಳಿನ ಕೊಂಬುಹಾವಿನ ಹಾಗೆ ಕೊಂಬು ಮಾಡಿದೆ. ನಾಲ್ಕೈದು ಜನ ಡ್ರಮ್ಮುಗಳ ಹಿಂದೆ ಅಡಗಿ ಕೂತೆವು. ಬ್ವಾನಾ ಬಂದರು, ಬೆಲ್ಟಿನ ಮೇಲೇ ಕಾಲಿಟ್ಟು ಒಳಗೆ ಹೋದರು.

"ನೋಡಿದ್ರಾ? ದೂರದಿಂದ್ಲೇ ರಬ್ಬರ್ ಅಂತ ಗೊತ್ತಾಗಿದೆ ಅವರಿಗೆ!" ಎಂದು ಉಳಿದವರು ಮೆಚ್ಚಿಕೊಂಡು ಎದ್ದು ಹೋದರು. ನಾನು ಹೋಗಲಿಲ್ಲ. ಕಾಲು ಜಾರಿದಾಗ ಅವರು ನಿಂತದ್ದನ್ನು, ಬೂಟಿನ ತುದಿಯಿಂದ ಅದನ್ನು ತಡವಿ ನೋಡಿದ್ದನ್ನು, ಮುಖ ಬಿಳಿಚಿದ್ದನ್ನು ನಾನು ಕಂಡಿದ್ದೆ.

ಒಳಗಿಂದ ಕರೆದರು. "ಬೆಲ್ಟ್ ಇಟ್ಟದ್ದು ನೀನಾ?"

"ಹೌದು."

"ಎಷ್ಟು ಉದ್ದ ಉಂಟು?"

"ಒಂಬತ್ತು ಅಡಿ."

"ಮೂರು ಅಡಿ." ಪೆನ್ಸಿಲನ್ನು ಮೇಜಿನ ಮೇಲೆ ಇಟ್ಟರು. "ಮೂರು ಅಡಿಯದ್ದು ಕಾಲ ಬುಡದಲ್ಲಿ ಇದ್ದದ್ದು ನನಗೆ ಕಾಣ್ಲೇ ಇಲ್ಲ ಪುತಾ."

ಕಣ್ಣಿಗೆ ಪೊರೆ ಬಂದಿತ್ತು. ಎದುರಿಗಿದ್ದವರು ಹೊಗೆಯ ಹಿಂದೆ ನಿಂತ ಹಾಗೆ ಕಾಣುತ್ತಿದ್ದರಂತೆ. ಬೋಲ್ಟುಗಳನ್ನು ಹೆಬ್ಬೆರಳಿನಿಂದ ಮುಟ್ಟಿ ಅಳತೆ ಹೇಳುತ್ತಿದ್ದರು. ಗೊತ್ತಾದರೆ ಕಂಪೆನಿ ಮನೆಗೆ ಕಳಿಸುತ್ತದೆ. ಕೊನೆಯ ಮಗಳ ಕಾಲೇಜು ಮುಗಿಯಲು ಇನ್ನೂ ಎರಡು ವರ್ಷವಿತ್ತು, ಅಷ್ಟು ಸಮಯ ಅವರಿಗೆ ಬೇಕಿತ್ತು.

"ನೀವು ಚಿಂತೆ ಮಾಡ್ಬೇಡಿ. ನಿಮ್ಮ ಕಣ್ಣು ನಾನು" ಎಂದೆ ಜೋರಾಗಿ.

"ಸೈಬಾ!" ಎಂದು ಅವರು ದೇವರನ್ನು ಕರೆದು ಹಣೆ ಮುಟ್ಟಿಕೊಂಡರು. "ಇಡೀ ಒಮಾನಿನಲ್ಲಿ ನನಗೆ ಸಿಕ್ಕಿದ್ದು ಈ ಕಣ್ಣಾ?"

ಆಮೇಲಿನ ಒಂದು ವರ್ಷ ನಮ್ಮ ಜೋಡಿ ಹೀಗೆ ನಡೆಯಿತು. ಹಾವು ಎಂದು ಯಾರಾದರೂ ಕೂಗಿದರೆ ಬ್ವಾನಾ ಮುಂದೆ, ನಾನು ಅವರ ಹಿಂದೆ ಟಾರ್ಚು, ಕೋಲು ಹಿಡಿದ ಶಿಷ್ಯನ ಹಾಗೆ. ಅವರು ಸೊಂಟಕ್ಕೆ ಕೈ ಇಟ್ಟು ಗುಡ್ಡವನ್ನೇ ನೋಡುತ್ತಾ ನಿಲ್ಲುತ್ತಿದ್ದರು, ನಾನು ಕಿವಿಯ ಹತ್ತಿರ ಪಿಸುಗುಡುತ್ತಿದ್ದೆ. ಉದ್ದವನ್ನು ಅವರು ಮನಸ್ಸಿನಲ್ಲೇ ಭಾಗಿಸುತ್ತಿದ್ದರು. ಒಮ್ಮೆ ಮಾತ್ರ ತುಟಿ ಅಲುಗಿತು. ಪಕ್ಕದಲ್ಲಿದ್ದವನು "ಮಂತ್ರ ಹೇಳ್ತಾರೆ" ಎಂದು ಕೈಮುಗಿದ. ರಿಜಿಸ್ಟರನ್ನು ಬರೆಯುವವನೂ ಈಗ ನಾನೇ. ನನ್ನ ಸುಳ್ಳನ್ನು ನಾನೇ ಒಂದು ಕಾಲಮ್ಮಿನಲ್ಲಿ ಬರೆದು, ಪಕ್ಕದಲ್ಲಿ ನಾನೇ ತಿದ್ದಬೇಕಿತ್ತು. ಇಂಥ ಶಿಕ್ಷೆ ಯಾವ ಮೇಷ್ಟ್ರೂ ಕೊಟ್ಟಿರಲಿಲ್ಲ. ಅವರು ಹೇಳಿದ ಹೆಸರು ಒಂದೂ ತಪ್ಪಲಿಲ್ಲ, ಯಾರಿಗೂ ಅನುಮಾನ ಬರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ಇರಬಹುದು. ರಜೆ. ನಾನು ಟ್ಯಾಂಕಿನ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ನಾಲ್ಕು ಮಾರು ದೂರದಲ್ಲಿ ಸಲೀಂ ತನ್ನ ಆಡಿನ ಗೂಡಿಗೆಂದು ಹಳೇ ಪ್ಲೈವುಡ್ ಹಲಗೆಗಳನ್ನು ಎತ್ತುತ್ತಿದ್ದ. ಮೂರನೇ ಹಲಗೆಯ ಕೆಳಗೆ ಕೈ ಹಾಕಿದವನು ಥಟ್ಟನೆ ಹಿಂದಕ್ಕೆ ತೆಗೆದ. ಹಲಗೆ ಬಿತ್ತು. ಹಾವು ಎರಡು ಕ್ಷಣ ಜಲ್ಲಿಯ ಮೇಲಿತ್ತು, ಆಮೇಲೆ ಕಲ್ಲುರಾಶಿಯೊಳಗೆ ಹೋಯಿತು. ಅದನ್ನು ಸರಿಯಾಗಿ ಕಂಡವನು ನಾನೊಬ್ಬನೇ.

ಬ್ವಾನಾ ಬಂದವರೇ ಸಲೀಮನನ್ನು ಕೂರಿಸಿ, ಕೈ ಅಲುಗಿಸಬೇಡ ಎಂದು ಸ್ವಾಹಿಲಿಯಲ್ಲಿ ಹೇಳಿ, ಅವನ ಉಂಗುರ, ವಾಚು ಬಿಚ್ಚಿಸಿದರು. ತೋರುಬೆರಳಿನಲ್ಲಿ ಎರಡು ಸಣ್ಣ ಚುಕ್ಕಿ. ಶೀನಣ್ಣ ಹಗ್ಗ, ಬ್ಲೇಡು ಹಿಡಿದು ಓಡಿ ಬಂದ.

"ಅದನ್ನು ಒಯ್ದು ಈರುಳ್ಳಿ ಕೊಯ್ಯಿ" ಎಂದರು ಬ್ವಾನಾ.

ಸಲೀಂ ನಗುತ್ತಿದ್ದ. "ಖಲಾಸ್ ಬ್ವಾನಾ, ಮಾಫಿ ಮುಶ್ಕಿಲ್, ಏನೂ ತೊಂದರೆ ಇಲ್ಲ. ಸಣ್ಣ ಹಾವು. ಮುಂದಿನ ವಾರ ಮಗಳ ಮದುವೆ, ಆಸ್ಪತ್ರೆಯಲ್ಲಿ ಮಲಗ್ಲಿಕ್ಕೆ ನನಗೆ ಪುರುಸೊತ್ತಿಲ್ಲ."

ಬ್ವಾನಾ ನನ್ನ ಕಡೆ, ಅಂದರೆ ನನ್ನ ಧ್ವನಿ ಇರಬಹುದಾದ ಕಡೆ ತಿರುಗಿದರು. ಪಿಸುಗುಡುವ ಆಟ ಇವತ್ತು ಇಲ್ಲ. ಎಲ್ಲರೆದುರೇ ಕೇಳಿದರು.

"ಹೇಗೆ ಹೋಯಿತು?"

"ಓರೆಯಾಗಿ. ತಲೆ ಒಂದು ಕಡೆ, ಮೈ ಇನ್ನೊಂದು ಕಡೆ."

"ಶಬ್ದ?"

"ಇತ್ತು. ಬಾಯಿ ಮುಚ್ಚಿತ್ತು. ಸುರುಳಿಯಾಗಿ ಮೈಯನ್ನು ಮೈಗೇ ಉಜ್ಜಿತು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ."

"ಕುತ್ತಿಗೆ?"

"ಸಪೂರ. ತಲೆ ಅಗಲ. ಕೊಂಬು ಇಲ್ಲ."

"ಉದ್ದ?"

ನನ್ನ ನಾಲಿಗೆಯ ತುದಿಗೆ ಐದು ಅಡಿ ಬಂದು ನಿಂತಿತ್ತು, ದೇವರಾಣೆ. ಭಯಕ್ಕೆ ಅದು ಐದು ಅಡಿಯೇ ಆಗಿತ್ತು. ಸಲೀಮನ ಬೆರಳು ನೋಡಿದೆ, ಊದಲು ಶುರುವಾಗಿತ್ತು.

"ಒಂದೂವರೆ ಅಡಿ."

ಬ್ವಾನಾರ ತುಟಿ ಅಭ್ಯಾಸಬಲದಿಂದ ಅಲುಗಿತು. ಶೀನಣ್ಣ ಜೋರಾಗಿ ಹೇಳಿಯೇಬಿಟ್ಟ, "ಅಂದ್ರೆ ಅರ್ಧ ಅಡಿ! ಎರೆಹುಳ ಕಚ್ಚಿದ್ದಾ ಮಾರಾಯ?" ಸುತ್ತ ನಿಂತವರು ನಕ್ಕರು, ಸಲೀಮನೂ ನಕ್ಕ.

ಬ್ವಾನಾ ಕೈ ಎತ್ತಿದರು. "ಭಾಗಿಸ್ಲಾ?"

"ಬೇಡ."

"ಸರಿ ಯೋಚಿಸಿ ಹೇಳು ಪುತಾ. ಭಾಗಿಸ್ಲಾ?"

"ಬೇಡ ಬ್ವಾನಾ. ಒಂದೂವರೆ ಅಂದ್ರೆ ಒಂದೂವರೆ."

ಅವರು ಕಣ್ಣು ಮುಚ್ಚಲಿಲ್ಲ, ನಿಮಿಷ ಕಾಯಲಿಲ್ಲ. "ಗರಗಸ ಮಂಡಲ. ಅದು ಇಷ್ಟೇ ಉದ್ದ, ವಿಷ ರಕ್ತವನ್ನು ನೀರು ಮಾಡ್ತದೆ. ಗಾಡಿ ತೆಗಿ ಶೀನಾ" ಎಂದರು.

ಕೀ ಇದ್ದದ್ದು ಇಂಜಿನಿಯರ್ ಸಾಹೇಬರ ಹತ್ತಿರ. ಅವರು ಕ್ಯಾಬಿನ್ನಿನಿಂದ ಹೊರಗೆ ಬಂದು, ನಗುತ್ತಿದ್ದ ಸಲೀಮನನ್ನು ನೋಡಿದರು. "ಹಾವನ್ನು ನೀವೇ ನೋಡಿದ್ರಾ?"

"ಇಲ್ಲ ಸರ್. ಇವನು ನೋಡಿದ."

"ಇವನಾ? ಮುಳ್ಳಿನವನಾ?" ಸಾಹೇಬರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ನೋ. ರೂಲ್ ಅಂದ್ರೆ ರೂಲ್. ನೀವು ನೋಡಿ ಸಹಿ ಹಾಕ್ಬೇಕು."

ಸಾಹೇಬರು ಕೇಳಿದಾಗಲೇ ಬ್ವಾನಾ ಒಂದು ಸುಳ್ಳು ಹೇಳಬಹುದಿತ್ತು, "ನಾನೂ ನೋಡಿದೆ" ಅಂತ. ನಾನಾಗಿದ್ದರೆ ಹೇಳಿ, ಹಾವಿಗೆ ಇನ್ನೆರಡು ಅಡಿ ಸೇರಿಸಿಯೂ ಬಿಡುತ್ತಿದ್ದೆ. ಆದರೆ ಅವರು ಬಂದಾಗ ಹಾವು ಹೋಗಿಯಾಗಿತ್ತೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಸರ್, ಒಂದು ವರ್ಷದಿಂದ ನಾನು ಯಾವ ಹಾವನ್ನೂ ನೋಡಿಲ್ಲ" ಎಂದರು ಬ್ವಾನಾ. "ನನಗೆ ಕಣ್ಣು ಕಾಣುದಿಲ್ಲ. ನೋಡಿದ್ದೆಲ್ಲ ಇವನು, ಸಹಿ ಮಾತ್ರ ನನ್ನದು. ಒಂದಾದ್ರೂ ತಪ್ಪಿತಾ, ಹೇಳಿ."

ಬ್ವಾನಾ ಚೀಟಿಯನ್ನು ಪಿಕಪ್ಪಿನ ಬಾನೆಟ್ಟಿನ ಮೇಲೆ ಇಟ್ಟು ಹಾವಿನ ಹೆಸರು ನನ್ನಿಂದ ಬರೆಸಿ ಸಹಿ ಹಾಕಿದರು. ಅರ್ಧ ಸಹಿ ಕಾಗದದ ಮೇಲೆ ಬಿತ್ತು, ಉಳಿದರ್ಧ ಬಾನೆಟ್ಟಿನ ಮೇಲೆ. ಸಾಹೇಬರು ಆ ಸಹಿಯನ್ನು ನೋಡಿದರು. ಸಲೀಮನ ನಗು ಅಷ್ಟರಲ್ಲಿ ನಿಂತಿತ್ತು, ಊತ ಮಣಿಕಟ್ಟು ದಾಟಿತ್ತು. ಕೀ ಗಾಳಿಯಲ್ಲಿ ಹಾರಿ ಬಂತು, ನಾನು ಹಿಡಿಯಲಾರದೆ ಬೀಳಿಸಿದೆ, ಶೀನಣ್ಣ ಎತ್ತಿಕೊಂಡ.

ದಾರಿಯಲ್ಲಿ ಸಲೀಮನ ವಸಡಿನಿಂದ ರಕ್ತ ಬರತೊಡಗಿತು. ಆಸ್ಪತ್ರೆಯಲ್ಲಿ ಅದೇ ಡಾಕ್ಟರು. ನನ್ನನ್ನು ಕಂಡೊಡನೆ ಚಿಮಟಿಗೆ ಕಡೆ ನೋಡಿದರು. ಆಮೇಲೆ ಸಲೀಮನ ರಕ್ತವನ್ನು ಒಂದು ಗಾಜಿನ ನಳಿಗೆಯಲ್ಲಿ ತುಂಬಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟರು. ಓರೆ ಮಾಡಿದಾಗ ಅದು ಹೆಪ್ಪುಗಟ್ಟದೆ ಚಹಾದ ಹಾಗೆ ಹರಿಯಿತು. ಚೀಟಿ ಓದಿ, "ಇದನ್ನು ಗುರುತಿಸಿದ್ದು ಯಾರು?" ಎಂದು ಕೇಳಿದರು. "ನಮ್ಮ ಸ್ಟೋರ್‌ಕೀಪರ್" ಎಂದೆ. "ಸರಿಯಾಗಿ ನೋಡಿದ್ದಾರೆ" ಎಂದರು. ನಾಲ್ಕು ಬಾಟಲಿ ಮದ್ದು, ಐದು ದಿನ ಆಸ್ಪತ್ರೆ. ಮಗಳ ಮದುವೆಯಲ್ಲಿ ಸಲೀಂ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಎಡಗೈಯಲ್ಲಿ ಹಲ್ವಾ ಹಂಚಿದ. ಆ ತೋರುಬೆರಳು ಕೊನೆಗೂ ಪೂರ್ತಿ ಮಡಚಲಿಲ್ಲ.

ಕಂಪೆನಿ ಬ್ವಾನಾರನ್ನು ಎರಡು ತಿಂಗಳಲ್ಲಿ ಮನೆಗೆ ಕಳಿಸಿತು. ಸಾಹೇಬರು ಅವರ ಪರವಾಗಿ ಬರೆದಿದ್ದರಂತೆ, ನಡೆಯಲಿಲ್ಲ. ಏರ್‌ಪೋರ್ಟಿಗೆ ಬಿಡಲು ಸಲೀಮನೇ ಟ್ಯಾಂಕರ್ ತಂದ, ಖಾಲಿ ಟ್ಯಾಂಕರ್. ಅಷ್ಟು ದೊಡ್ಡ ಗಾಡಿಯಲ್ಲಿ ಒಂದೇ ಒಂದು ಪೆಟ್ಟಿಗೆ.

"ನನ್ನಿಂದ ನಿಮ್ಮ ಕೆಲಸ ಹೋಯ್ತು" ಎಂದೆ.

"ಎಷ್ಟು ಬೇಜಾರಾಯ್ತು?"

"ಬೆಟ್ಟದಷ್ಟು."

"ಭಾಗ ಮೂರು" ಎಂದರು ಬ್ವಾನಾ. "ದಿಬ್ಬ. ಹತ್ತಿ ಇಳೀಬಹುದು. ಹೋಗು, ಹಾಜರಿ ತೆಗಿ."

ಊರಿನಲ್ಲಿ ಒಂದು ಕಣ್ಣಿನ ಆಪರೇಷನ್ ಆಗಿ ಸುಮಾರಾಗಿ ಕಾಣುತ್ತಿತ್ತಂತೆ. ಮಗಳು ಕಾಲೇಜು ಮುಗಿಸಿ ಟೀಚರಾದಳು. ನಾನು ಬರೆದ ಕಾಗದಗಳನ್ನು ಅವಳೇ ಓದಿ ಹೇಳುತ್ತಿದ್ದಳಂತೆ, ಅವರು ಮಧ್ಯೆ ಮಧ್ಯೆ "ಭಾಗ ಮೂರು" ಅನ್ನುತ್ತಿದ್ದರಂತೆ.

ಮಗಳು ಶೀನಣ್ಣನ ಕೈಯಲ್ಲಿ ಕಳಿಸಿದ ಪೊಟ್ಟಣದಲ್ಲಿ ಆ ರಿಜಿಸ್ಟರ್ ಇತ್ತು. ಪುಟ ಪುಟದಲ್ಲೂ ನನ್ನ ಮಾನ ಹರಾಜು. ಹೇಳಿದ್ದು ಆರು, ಇದ್ದದ್ದು ಎರಡು. ಹೇಳಿದ್ದು ಹನ್ನೆರಡು, ಇದ್ದದ್ದು ನಾಲ್ಕು. ಹೇಳಿದ್ದು "ಕೈ ಉಂಟು", ಇದ್ದದ್ದು ಹಲ್ಲಿ. ಬೆಲ್ಟು ಕೂಡ ಇದೆ, ಮೆಣಸಿನಕಾಯಿ ಸಮೇತ. ಕೊನೆಯ ಒಂದು ವರ್ಷದ್ದೆಲ್ಲ ನನ್ನದೇ ಅಕ್ಷರ, ಒಂದು ಸಾಲು ಬಿಟ್ಟು. ನಾನು ಸಲೀಮನ ಜೊತೆ ಆಸ್ಪತ್ರೆಯಲ್ಲಿದ್ದ ಆ ಶುಕ್ರವಾರ ಅವರು ಸ್ಟೋರಿನಲ್ಲಿ ಒಬ್ಬರೇ ಕೂತು ಬರೆದಿರಬೇಕು. ಆಮೇಲೆ ರಿಜಿಸ್ಟರ್ ನನ್ನ ಕೈಗೆ ಬಂದಿರಲೇ ಇಲ್ಲ. ಅಕ್ಷರಗಳು ಒಂದರ ಮೇಲೊಂದು ಹತ್ತಿ, ಗೆರೆ ಬಿಟ್ಟು ಇಳಿದು ಹೋಗಿವೆ. ಆದರೂ ಓದಬಹುದು. ಗರಗಸ ಮಂಡಲ. ಹೇಳಿದ್ದು ಒಂದೂವರೆ. ಇದ್ದದ್ದು ಒಂದೂವರೆ.

ನಾನು ಇಲ್ಲಿ ಬರೆದದ್ದನ್ನೆಲ್ಲ ಓದುಗರು ಮೂರರಿಂದ ಭಾಗಿಸಿಕೊಳ್ಳಬಹುದು, ನನ್ನ ಆಕ್ಷೇಪವಿಲ್ಲ. ಬ್ವಾನಾರ ವಿಷಯ ಬಂದಲ್ಲಿ ಮಾತ್ರ ಭಾಗಿಸಬೇಡಿ. ಅವರು ಅಷ್ಟೇ ಉದ್ದ ಇದ್ದರು.